ದರ್ಜಿಯ ಬೆರಳಿಗೆ ಗುಂಡಿ ಸಿಗದಾಗ

ಬೀದಿಯ ತಿರುವಿನ ದರ್ಜಿಗೆ ಬೆಟ್ಟದ ಹುಚ್ಚು. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂರುವವನಿಗೆ ವರ್ಷಕ್ಕೊಮ್ಮೆ ಬೆನ್ನಿಗೆ ಚೀಲ ಏರಿಸಿ, ನಾಲ್ಕಾರು ದಿನ ಒಬ್ಬನೇ ಅಲೆದು ಬಂದರೇ ಸಮಾಧಾನ. ಈ ಸಲ ಶಿಖರಕ್ಕೇ ಹೋಗುತ್ತೇನೆಂದು ಗಿರಾಕಿಗಳಿಗೆಲ್ಲ ಸಾರಿಬಿಟ್ಟಿದ್ದ. ಅದಕ್ಕೆಂದೇ ದಪ್ಪ ಹತ್ತಿಬಟ್ಟೆಯ ಕೋಟನ್ನೂ ಹೊಲಿದುಕೊಂಡಿದ್ದ.

ಹೊರಡುವ ಮುನ್ನ ತಂಗಿ ಬಂದಳು. ಅವಳು ಆಸ್ಪತ್ರೆಯಲ್ಲಿ ನರ್ಸ್. ಕೋಟು ಮುಟ್ಟಿ ನೋಡಿ ಮೂಗು ಮುರಿದಳು.

"ಅಣ್ಣಾ, ಹತ್ತಿ ನೆನೆದರೆ ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತೆ. ಒಳಗೆ ಉಣ್ಣೆ ಹಾಕ್ಕೋ, ಮೇಲೆ ನೀರಿಳಿಯದ್ದು."

"ಬಟ್ಟೆ ವಿಷಯ ನನಗೇ ಹೇಳ್ತೀಯಾ? ಸೂಜಿ ಚುಚ್ಚೋದು ಹೇಗೆ ಅಂತ ನಾನು ನಿನಗೆ ಹೇಳಿಕೊಡ್ತೀನಾ?"

"ಇಬ್ಬರದೂ ಸೂಜಿ ಕೆಲಸವೇ, ಬಿಡಿ," ಎಂದು ಅವನ ಹೆಂಡತಿ ನಕ್ಕಳು.

"ನಗಬೇಡಿ ಅತ್ತಿಗೆ. ಮೊದಲು ನಡುಕ ಬರುತ್ತೆ. ಆಮೇಲೆ ಬೆರಳು ಹೇಳಿದ ಮಾತು ಕೇಳಲ್ಲ, ನಾಲಿಗೆ ತೊದಲುತ್ತೆ. ಕಡೆಗೆ ನಡುಕವೂ ನಿಂತು ಹಿತವಾಗಿ ನಿದ್ದೆ ಬರುತ್ತೆ. ಆ ನಿದ್ದೆಯಿಂದ ಏಳದವರಿದ್ದಾರೆ."

"ಅದೆಲ್ಲ ಹಿಮ ಬೀಳೋ ಕಡೆ."

"ಹಿಮ ಬೇಕಾಗಿಲ್ಲ ಅಣ್ಣಾ. ಒದ್ದೆ ಬಟ್ಟೆ, ಮೇಲಿಷ್ಟು ಗಾಳಿ, ಸಾಕು."

ಅವಳು ತನ್ನದೇ ಉಣ್ಣೆಯ ಸ್ವೆಟರನ್ನು ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅವನ ಸಾಮಾನಿನ ತಳಕ್ಕೆ ತುರುಕಿದಳು. ಅವನು ಕಂಡೂ ಕಾಣದವನಂತಿದ್ದ.

ಮೊದಲ ದಿನ ಬೆಟ್ಟ ಕೈಹಿಡಿದು ನಡೆಸಿದಂತಿತ್ತು. ಮರುದಿನ ಮಧ್ಯಾಹ್ನ ಮಂಜು ಇಳಿಯಿತು, ಯಾರೋ ಮೇಲಿನಿಂದ ತೆಳು ಬಿಳಿ ಬಟ್ಟೆಯ ಥಾನು ಬಿಚ್ಚುತ್ತಿದ್ದಂತೆ. ಮರ ಹೋಯಿತು, ಬಂಡೆ ಹೋಯಿತು, ಹಾದಿಯೂ ಮಸುಕಾಯಿತು. ಹಿಂದೆಯೇ ಮಳೆ, ಗಾಳಿ. ಕೋಟು ನೀರು ಕುಡಿದು ಭಾರವಾಯಿತು. ಹಲ್ಲು ಕಟಕಟ ಎಂದವು. ಒಂದು ಗಳಿಗೆ ಕೂತು ಹೋಗೋಣವೆಂದು ಅವನು ಬಂಡೆಗೆ ಒರಗಿದ.

ಎಷ್ಟು ಹಿತ! ನಡುಕ ತಾನಾಗಿ ನಿಂತಿತ್ತು. ಎಲ್ಲೋ ಹೊಲಿಗೆ ಯಂತ್ರ ಓಡುವ ಸದ್ದು. ಹೆಂಡತಿ ಇಸ್ತ್ರಿ ಮಾಡಿದ ಬಿಸಿ ಬಟ್ಟೆಗಳನ್ನು ಒಂದೊಂದಾಗಿ ಮಡಿಲಿಗೆ ಹಾಕುತ್ತಿದ್ದಂತೆ. ಕತ್ತಿನ ಬಳಿ ಮಾತ್ರ ಗಾಳಿ. ಅರೆಗಣ್ಣಿನಲ್ಲೇ ಕೈ ಮೇಲಿನ ಗುಂಡಿಗೆ ಹೋಯಿತು. ಗುಂಡಿ ತೂತಿಗೆ ಹೋಗಲಿಲ್ಲ. ಮತ್ತೆ ತಳ್ಳಿದ, ಜಾರಿತು. ಕಣ್ಣು ಮುಚ್ಚಿ ಸಾವಿರ ಗುಂಡಿ ಹಾಕಿದ ಕೈ! ನಗು ಬಂತು. "ಏನಾಯ್ತೇ ನಿನಗೆ?" ಎಂದು ಬೆರಳನ್ನು ಕೇಳಹೋದ. ಬಾಯಿಂದ ಹೊರಟಿದ್ದು ಮಾತಲ್ಲ, ಬರೀ ಗೊಣಗು.

ಆ ಗೊಣಗು ಕೇಳಿ ಅವನೇ ಬೆಚ್ಚಿ ಕಣ್ಣು ಬಿಟ್ಟ. ಬೆರಳು. ನಾಲಿಗೆ. ನಿದ್ದೆ. ತಂಗಿ ಹೇಳಿದ್ದು ಇದನ್ನೇ.

ಎದ್ದ. ಬಂಡೆಯ ಮರೆಗೆ ಸರಿದು, ಒದ್ದೆ ಕೋಟು, ಅಂಗಿ ಎಳೆದು ತೆಗೆದ. ಸಾಮಾನಿನ ತಳದಲ್ಲಿದ್ದ ತಂಗಿಯ ಸ್ವೆಟರ್ ತೊಟ್ಟು, ತಲೆಗೆ ಒಣ ಟವೆಲ್ ಸುತ್ತಿದ. ಪ್ಲಾಸ್ಟಿಕ್ ಚೀಲದ ತಳವನ್ನು ಹಲ್ಲಿನಿಂದ ಹರಿದು ಕತ್ತಿಗೆ ಇಳಿಬಿಟ್ಟ. ಅಳತೆ ತೆಗೆಯದೆ ಅವನು ತೊಟ್ಟ ಮೊದಲ ಉಡುಪು! ಬಾಯಿಗಿಷ್ಟು ಸಕ್ಕರೆ ಹಾಕಿಕೊಂಡ. ಶಿಖರ ಇನ್ನೇನು ದೂರವಿರಲಿಲ್ಲ. ಗಿರಾಕಿಗಳ ನಗು ಕಿವಿಗೆ ಬಿದ್ದಂತಾಯಿತು. ನಗಲಿ ಎಂದುಕೊಂಡು, ಬಂದ ಹಾದಿಯಲ್ಲೇ ಇಳಿಯತೊಡಗಿದ.

ಕೆಳಗಿನ ತಂಗುಮನೆಯ ಹೆಂಗಸು ಬಾಗಿಲು ತೆಗೆದವಳೇ ಅವನನ್ನು ಒಳಗೆ ಕರೆದುಕೊಂಡಳು. ತಾನು ಹೊದ್ದಿದ್ದ ರಗ್ಗನ್ನೇ ಅವನಿಗೆ ಸುತ್ತಿದಳು. ಅವನು ಒಲೆಗೆ ಕೈ ಚಾಚಿದಾಗ ಮೆಲ್ಲಗೆ ಹಿಡಿದು ಹಿಂದಕ್ಕೆ ಸರಿಸಿದಳು.

"ಆತುರ ಬೇಡಪ್ಪಾ. ಕೈ ಉಜ್ಜಬೇಡ. ಮೊದಲು ಎದೆ, ಹೊಟ್ಟೆ ಬೆಚ್ಚಗಾಗಲಿ." ಅವನ ಮಾತು ಸ್ಪಷ್ಟವಾದ ಮೇಲೆ ಸಿಹಿ ಚಹಾ ಕೊಟ್ಟಳು.

"ಅರ್ಧಕ್ಕೇ ಬಂದುಬಿಟ್ಟೆ ಅಕ್ಕಾ."

"ಮೇಲಕ್ಕೆ ಹೋದವರು ಫೋಟೋ ತೋರಿಸ್ತಾರೆ. ತಿರುಗಿ ಬಂದವರು ಕೂತು ಚಹಾ ಕುಡೀತಾರೆ. ನನಗೆ ಚಹಾ ಕುಡಿಯೋರೇ ಇಷ್ಟ."

ಊರಿಗೆ ಬಂದ ಮೇಲೆ ಒಬ್ಬ ಗಿರಾಕಿ ಕೆಣಕಿದ: "ಏನಯ್ಯಾ, ಮಳೆಗೆ ಹೆದರಿ ಓಡಿಬಂದ್ಯಂತೆ?"

"ಹೌದು," ಎಂದ ದರ್ಜಿ. "ಹೆದರಿದ್ದಕ್ಕೇ ನಿನ್ನ ಪ್ಯಾಂಟು ಇವತ್ತು ಸಿಗ್ತಿದೆ."

ಒಳಗೆ ಹೆಂಡತಿ ತಂಗಿಗೆ ಹೇಳುತ್ತಿದ್ದಳು: "ಆ ನಡುಕ, ತೊದಲು ಎಲ್ಲ ಇನ್ನೊಮ್ಮೆ ಹೇಳಮ್ಮಾ. ಆವತ್ತು ನಗ್ತಾ ನಾನೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ."

ಓದುಗರೇ, ಬೆಟ್ಟಕ್ಕೆ ಖಂಡಿತ ಹೋಗಿ. ಯಾವ ಹಾದಿ, ಎಂದು ಬರುವುದು ಎಂದು ಮನೆಯಲ್ಲಿ ಹೇಳಿ ಹೋಗಿ. ಒಂದು ಜೊತೆ ಒಣ ಬೆಚ್ಚನೆ ಬಟ್ಟೆ ನೀರು ತಾಗದಂತೆ ಇಟ್ಟುಕೊಳ್ಳಿ. ಚಳಿಗೆಂದು ಮದ್ಯ ಕುಡಿಯಬೇಡಿ, ಅದು ಮೈಯನ್ನು ಇನ್ನಷ್ಟು ತಣ್ಣಗಾಗಿಸುತ್ತದೆ. ಹವೆ ಕೆಟ್ಟರೆ ನಾಚಿಕೆಪಡದೆ ತಿರುಗಿ ಬನ್ನಿ. ಹಾದಿಯಲ್ಲಿ ಯಾರಾದರೂ ಒದ್ದೆಯಾಗಿ ಸುಮ್ಮನೆ ಕೂತಿದ್ದರೆ, ನಿಂತು "ಹುಷಾರಾಗಿದ್ದೀರಾ?" ಎಂದು ಕೇಳಿ. ಉತ್ತರ ತೊದಲಿದರೆ, ದಯವಿಟ್ಟು ಅವರನ್ನು ಅಲ್ಲೇ ಬಿಟ್ಟು ಮುಂದೆ ಹೋಗಬೇಡಿ.