ಇವಳು ಯಾರವಳು

ಎರಡು ಕಾಲಿಗೂ ಬೂಟಿದೆ, ಒಂದರ ಮೇಲೊಂದು ಹಾಕಿಕೊಂಡು ಮೇಲಿನದನ್ನು ಅಲ್ಲಾಡಿಸುತ್ತಿದ್ದಾನೆ, ಉಜ್ಜಿ ಹೊಳಪೇರಿಸಿದ ಕಂದು ಬೂಟು, ಬೆಳಿಗ್ಗೆ ನಾನೇ ಗುಡಿಸಿದ ವೇದಿಕೆಯ ಹಲಗೆಸಂದಿನಿಂದ ಎದ್ದ ಸಣ್ಣ ಧೂಳು ಕಿಟಕಿಯ ಬಿಸಿಲಲ್ಲಿ ಅದರ ಸುತ್ತ ತಿರುಗುತ್ತಿದೆ, ಸೆವೆರ್ ಮುಂತ್ಯಾನು ಮೈಕಿನೊಳಗೆ ಹೇಳುತ್ತಿದ್ದಾನೆ, ರಕ್ತ ಹೀರೋರ ಕಾದಂಬರಿ ಅಂದ್ರೆ ಈಗ ಏನಾಗಿದೆ ಹೇಳಿ, ಒಂದು ಕೋಟೆ, ಒಂದು ಕರಿ ನಿಲುವಂಗಿ, ಎರಡು ಹಲ್ಲು, ಇಲ್ಲಾ ಅಂದ್ರೆ ಶಾಲೆಗೆ ಹೋಗೋ ಹುಡುಗಿ ಒಬ್ಬಳು ಹೆಣದ ಜೊತೆ ಪ್ರೀತಿಗೆ ಬೀಳ್ತಾಳೆ, ಒಬ್ಬರು ಕಕ್ಕಿದ್ದು ಇನ್ನೊಬ್ಬರು ಉಣ್ತಾರೆ, — ಸಭೆ ನಗುತ್ತದೆ, ಪಕ್ಕದ ಕುರ್ಚಿಯ ಲಾವಿನಿಯಾ ಮಾತ್ರ ನಗುವುದಿಲ್ಲ, ಅವಳೂ ಅಂಥದ್ದೇ ಪುಸ್ತಕ ಬರೆದವಳು, ಅವಳ ಪುಸ್ತಕದ ಹೆಸರು ಶನಿವಾರದವಳು, ಇವನದರ ಹೆಸರು ಬರಿಗಾಲಿನ ಮದುವಣಗಿತ್ತಿ, ಎರಡರಲ್ಲೂ ಗೋರಿಯಿಂದ ಎದ್ದು ಬರುವ ಹುಡುಗಿಗೆ ಒಂದೇ ಕಾಲಿಗೆ ಉಣ್ಣೆಯ ಕಾಲುಚೀಲ, ಇನ್ನೊಂದು ಕಾಲು ಬರಿದು, ಯಾರು ಯಾರದನ್ನು ಕದ್ದರು ಎಂದು ಕ್ರಾಯೋವಾ ಪಟ್ಟಣದ ಪತ್ರಿಕೆಯಲ್ಲಿ ಶುರುವಾದ ಜಗಳ ಈಗ ನಮ್ಮೂರಿನ ಸಂಸ್ಕೃತಿ ಭವನದ ತನಕ ಬಂದಿದೆ, ಕಥೆ ನಡೆಯುವ ಊರಲ್ಲೇ ಚರ್ಚೆಯಾಗಲಿ ಎಂದು ಗ್ರಂಥಾಲಯದ ದೊಮ್ನಿಕಾ ಇಬ್ಬರನ್ನೂ ಕರೆಸಿದ್ದಾಳೆ, ಸಾಫ್ತಕ್ಕ, ನೆಲ ಚೆನ್ನಾಗಿ ಒರೆಸು, ದೊಡ್ಡೋರು ಬರ್ತಾರೆ ಎಂದಳು, ಒರೆಸಿದೆ, ಒರೆಸಿ ಮೂರನೆಯ ಸಾಲಿನಲ್ಲಿ ಕೂತಿದ್ದೇನೆ, ಮಡಿಲಲ್ಲಿ ಕೈ, ಪಕ್ಕದ ಕುರ್ಚಿ ಎಂದಿನಂತೆ ಖಾಲಿ ಬಿಟ್ಟುಕೊಂಡು, — ನನಗೆ ಗೊತ್ತು, ಕದ್ದವನು ಇವನು, ಕದ್ದವನಿಂದ ಕದ್ದವಳು ಅವಳು, ಆ ಕಾಲು ನನ್ನಕ್ಕ ಇಲಿಂಕಾಳದು, ಇವತ್ತು ಇವನ ಮುಖ ಈ ನೆಲಕ್ಕೆ ಉಜ್ಜದೆ ನಾನು ಮನೆಗೆ ಹೋಗುವುದಿಲ್ಲ, ಹೇಗೆ ಎಂದು ಮಾತ್ರ ಗೊತ್ತಿಲ್ಲ.

ಇಲಿಂಕಾ ಹತ್ತೊಂಬತ್ತಕ್ಕೆ ಸತ್ತಳು, ನನಗಾಗ ಹದಿನಾಲ್ಕು, ಸಾಮೂಹಿಕ ಹೊಲದಲ್ಲಿ ಬೀಟ್ ಗೆಡ್ಡೆ ಕೀಳುವಾಗ ನೆನೆದು ಎದೆಗೆ ಶೀತ ಇಳಿದು ಒಂಬತ್ತು ದಿನ, ಅಷ್ಟೇ, ಸತ್ತವರಿಗೆ ಹೊಸ ಕಾಲುಚೀಲ ತೊಡಿಸಿ ಕಳಿಸಬೇಕು, ದಾರಿ ದೂರ, ಚಳಿಯ ದಾರಿ, ಅಮ್ಮ ಹೆಣದ ತಲೆದೆಸೆಯಲ್ಲಿ ಕೂತು ಹೆಣೆಯುತ್ತಿದ್ದಾಳೆ, ಕಣ್ಣೀರಿಲ್ಲ, ಸೂಜಿಯ ಟಿಕ್ ಟಿಕ್ ಮಾತ್ರ, ಒಂದು ಮುಗಿದು ಎರಡನೆಯದರ ಹಿಮ್ಮಡಿ ತಿರುಗಿಸುವಷ್ಟರಲ್ಲಿ ಪಾದ್ರಿ ಬಂದ, ಅವನಿಗೆ ಮಧ್ಯಾಹ್ನ ಆಚೆ ಊರಲ್ಲಿ ಮದುವೆ ಮಾಡಿಸುವುದಿತ್ತು, ಸಾಕು ಬಿಡಮ್ಮ, ದೇವರು ಕಾಲು ನೋಡಲ್ಲ ಎಂದ, ಹಾಗೇ ಮುಚ್ಚಳ ಹಾಕಿದರು, ನಾನು ಕೊನೆಗೆ ನೋಡಿದ್ದು ಮುಖವಲ್ಲ, ಆ ಕಾಲು, ಹೆಬ್ಬೆರಳಿನ ಉಗುರಿನಲ್ಲಿ ಇನ್ನೂ ಹೊಲದ ಮಣ್ಣು, — ಆರು ವಾರಕ್ಕೆ ಚಿಕ್ಕಪ್ಪನ ಹಸು ಬತ್ತಿತು, ಅವನ ಕೂಸು ಬಿಳಿಚಿಕೊಂಡು ಮೊಲೆ ಬಿಟ್ಟಿತು, ಇಲಿಂಕಾ ಎದ್ದಿದ್ದಾಳೆ ಎಂದರು, ಬರಿಗಾಲು ಕೊರೆದು ಅರ್ಧ ದಾರಿಯಿಂದ ವಾಪಸು ಬಂದಿದ್ದಾಳೆ, ಎದ್ದವರಿಗೆ ಸ್ವಂತದವರ ರಕ್ತವೇ ಮೊದಲು ಬೇಕು, ಶನಿವಾರ ಅವರು ಗೋರಿ ಬಿಟ್ಟು ಕದಲುವುದಿಲ್ಲ, ಅದಕ್ಕೇ ಶನಿವಾರ ನಡುಹಗಲಿಗೆ ಅಗೆದರು, ಗೋರಿ ತೋಡುವ ಪೆತ್ರಾಕೆ, ಚಿಕ್ಕಪ್ಪ, ಅಮ್ಮ, ನಾನು, ಕೆನ್ನೆ ಕೆಂಪಗಿತ್ತು, ಇದ್ದದ್ದನ್ನು ಇಲ್ಲವೆನ್ನಲಾರೆ, ಅಮ್ಮ ಶಾಲಿನಡಿಯಿಂದ ಎರಡನೆಯ ಕಾಲುಚೀಲ ತೆಗೆದಳು, ಅಷ್ಟರಲ್ಲಿ ಹೆಣೆದು ಮುಗಿಸಿದ್ದಳು, ಪೆತ್ರಾಕೆ ಕೈ ಹಿಡಿದ, ಬೇಡ ಅತ್ತಿಗೆ, ಈಗ ತೊಡಿಸಿದ್ರೆ ಕಳಿಸಿದ ಹಾಗಲ್ಲ, ಕರೆದ ಹಾಗೆ, — ಹೃದಯ ತೆಗೆದು ದ್ರಾಕ್ಷಿಬಳ್ಳಿಯ ಕಡ್ಡಿಗಳ ಮೇಲೆ ಸುಟ್ಟರು, ಕೂಸಿಗೆ ಬೂದಿನೀರು ಕುಡಿಸಲು ಚಿಕ್ಕಪ್ಪ ಓಡಿದ, ಆಮೇಲೆ ಪೆತ್ರಾಕೆ ಗೋರಿಯ ಅಂಚಿನಲ್ಲಿ ನಿಂತು ಕೇಳಬೇಕಾದ್ದನ್ನು ಕೇಳಿದ, ಇವಳು ಯಾರವಳು, ಮೂರು ಸಲ ಕೇಳುತ್ತಾರೆ, ಮನೆಯವರು ತುಟಿ ಬಿಚ್ಚಬಾರದು, ನನ್ನವಳು ಎಂದವರ ಬೆನ್ನಿಗೆ ಅವಳು ಹೊರಡುತ್ತಾಳೆ, ಯಾರೂ ಏನೂ ಅನ್ನದಿದ್ದರೆ ಯಾರವಳೂ ಅಲ್ಲದೆ ಮಣ್ಣಲ್ಲಿ ಉಳಿಯುತ್ತಾಳೆ, ಅಮ್ಮ ಬಾಯಿಗೆ ಕಾಲುಚೀಲ ತುರುಕಿಕೊಂಡು ನಿಂತಿದ್ದಳು, ಮೂರನೆಯ ಸಲಕ್ಕೆ ನಾನು ಆ ಕಾಲು ನೋಡಿಬಿಟ್ಟೆ, ನನ್ನವಳು ಎಂದೆ.

ಅಮ್ಮ ಹೊಡೆದ ಏಟಿಗೆ ಈ ಕಿವಿ ಇವತ್ತಿಗೂ ಅರ್ಧ ಮಂದ, ಆದರೆ ಆವತ್ತಿನಿಂದ ಜಗಲಿಯ ಮೇಲೆ ಆ ನಡಿಗೆ ಮಾತ್ರ ಅದೇ ಕಿವಿಗೆ ಕೇಳುತ್ತದೆ, ಒಂದು ಹೆಜ್ಜೆ ಮೆತ್ತಗೆ, ಒಂದು ಹೆಜ್ಜೆ ಚಪ್ ಎಂದು, ಹೀರಿದ್ದಾಳೆ, ಹೌದು, ಮದುವೆ ಕೇಳಿ ಬಂದ ಇಬ್ಬರೂ ಎರಡನೇ ಭಾನುವಾರ ಈ ಕಡೆ ತಲೆ ಹಾಕಲಿಲ್ಲ, ಮೂವತ್ತಕ್ಕೆ ತಲೆ ಬೆಳ್ಳಗಾಯಿತು, ಯಾವ ಅನ್ನವೂ ಮೈಗೆ ಹತ್ತಲಿಲ್ಲ, ಕುಡಿಯಲಿ ಬಿಡು, ಅಕ್ಕ ತಾನೆ, ಐವತ್ತಮೂರು ವರ್ಷ ಒಂದೇ ಮನೆಯಲ್ಲಿ, ಅಮ್ಮ ಹೋದ ಮೇಲೆ ಇಬ್ಬರೇ, ಅವಳಿಗೂ ನನಗೂ ಬೇರೆ ಯಾರಿದ್ದರು, — ಹನ್ನೆರಡು ಬೇಸಿಗೆಯ ಹಿಂದೆ ಈ ಸೆವೆರ್ ಬಂದ, ಮೂರು ವಾರ ಮುಂದಿನ ಕೋಣೆ ಬಾಡಿಗೆಗೆ, ಮೆತ್ತನೆಯ ಮಾತು, ನನ್ನ ಜೊತೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದ, ಒಂದು ಮಧ್ಯಾಹ್ನ ತಲೆಯೆತ್ತಿ ಕೇಳಿದ, ಅಕ್ಕ, ಜಗಲಿ ಮೇಲೆ ಯಾರು ಓಡಾಡ್ತಿರೋದು, — ಯಾರೂ ಕೇಳಿರಲಿಲ್ಲ ಅಲ್ಲಿಯವರೆಗೆ, ಒಬ್ಬರೂ, ಈಗ ಅನಿಸುತ್ತದೆ ಅವನಿಗೆ ಏನೂ ಕೇಳಿಸಿರಲಿಲ್ಲ, ನಾನು ಪದೇ ಪದೇ ಬಾಗಿಲ ಕಡೆ ನೋಡುವುದನ್ನು ಕಂಡು ಗಾಳ ಹಾಕಿದ್ದ, ನಾನು ಕಚ್ಚಿದೆ, ಹುರುಳಿಕಾಯಿ ಮುಗಿಯುವಷ್ಟರಲ್ಲಿ ಎಲ್ಲ ಹೇಳಿದ್ದೆ, ಯಾರವಳು ಎಂದು ಕೇಳುತ್ತಾರೆ ಎನ್ನುವುದೊಂದನ್ನು ಬಿಟ್ಟು, ಆ ಮೂರು ಸಲದ ಮಾತನ್ನು ಊರಾಚೆಯವರಿಗೆ ನಾವು ಹೇಳುವುದಿಲ್ಲ, ಅವನು, ನಮ್ಮಮ್ಮನಾಣೆ, ಯಾರಿಗೂ ಹೇಳಲ್ಲ ಎಂದ, ಅತ್ತನೂ ಸಹ, ಶನಿವಾರ ಇಲಿಂಕಾಳ ಹೆಸರಿನಲ್ಲಿ ಕೊಡುವ ತಟ್ಟೆಯನ್ನು ಮೂರು ಶನಿವಾರ ಅವನಿಗೇ ಕೊಟ್ಟೆ, ಜೋಳದ ಮುದ್ದೆ, ಹುಳಿಕೆನೆ, ಅವಳಿಗೆ ಇಷ್ಟವಾದದ್ದು, ತಿಂದ, ಎರಡನೇ ಸಲ ಬಡಿಸಿಕೊಂಡ, — ಮುಂದಿನ ವರ್ಷ ಪುಸ್ತಕ ಬಂತು, ದೊಮ್ನಿಕಾ ಸಂಭ್ರಮದಿಂದ ಓದಿ ಹೇಳಿದಳು, ಸಾಫ್ತಕ್ಕ, ನಮ್ಮೂರ ಬಾವಿನೂ ಇದೆ ಇದರಲ್ಲಿ, ನಾನು ಕೇಳಿಸಿಕೊಂಡೆ, ಗಂಡಸರ ಕಿಟಕಿ ಹತ್ತುವ ಹುಡುಗಿ, ಆ ಕಾಲನ್ನು ಅವರ ಎದೆಯ ಮೇಲಿಡುತ್ತಾಳೆ, ಅವರು ಅದಕ್ಕೆ ಮುತ್ತಿಡುತ್ತಾರೆ, ಆ ಹುಡುಗಿಯ ತಾಯಿ ಪ್ಲಮ್ಮಿನ ಸಾರಾಯಿ ಕುಡಿದು ಬಿದ್ದಿದ್ದಕ್ಕೆ ಕಾಲುಚೀಲ ಮುಗಿಯಲಿಲ್ಲವಂತೆ, ನಮ್ಮಮ್ಮ, ಸೂಜಿ ಚುಚ್ಚಿ ಬೆರಳೆಲ್ಲ ಗಾಯವಾಗಿದ್ದ ನಮ್ಮಮ್ಮ, ಮುಖಪುಟದ ಮೇಲೆ ಕಾಲು, ಉಗುರಿಗೆ ಕೆಂಪು ಬಣ್ಣ ಹಚ್ಚಿದ ಕಾಲು.

ಒಲೆಗೆ ಹಾಕಿದೆ ಆ ಪುಸ್ತಕ, ಉರಿಯುವಾಗ ಅವನ ಹೆಸರು ಹೇಳಿದೆ, ಏನೂ ಆಗಲಿಲ್ಲ, ಅವನು ದಪ್ಪಗಾದ, ಬಹುಮಾನ ಬಂತು, ಈಗ ನೋಡು ಬೂಟು, — ಲಾವಿನಿಯಾ ಮೈಕು ಎಳೆದುಕೊಂಡಿದ್ದಾಳೆ, ಇದೆಲ್ಲ ಜನರ ಕಥೆ ಸ್ವಾಮಿ, ನಮ್ಮಜ್ಜಿನೂ ಹೇಳ್ತಿದ್ಲು, ಯಾರಪ್ಪನ ಆಸ್ತಿಯೂ ಅಲ್ಲ, ನೀವು ಬೇಲಿ ಹಾಕ್ಕೊಂಡು ಕೂತ್ರೆ ಆಗುತ್ತಾ, ಇವನು ಹೇಳುತ್ತಾನೆ, ಅಜ್ಜಿ ಪಾಪ ಎಲ್ಲದಕ್ಕೂ ಸಿಗ್ತಾಳೆ, ಹೃದಯ ಸುಡೋದು ಜನರ ಕಥೆ, ಒಪ್ಪಿದೆ, ಬೆಳ್ಳುಳ್ಳಿ ಜನರ ಕಥೆ, ಆ ಬರಿಗಾಲು ಯಾವ ಜನರ ಕಥೆಯಲ್ಲಿದೆ ತೋರಿಸಿ, ಅದು ಹುಟ್ಟಿದ್ದು ಈ ತಲೇಲಿ, ಸಾಕ್ಷಿ ಬೇಕಾ, ಅಗೋ ನಮ್ಮ ಸಾಫ್ತಕ್ಕ ಕೂತಿದ್ದಾರೆ, ಅವರ ಮನೇಲೇ ಕೂತು ನಾನು ಕಟ್ಟಿದ್ದು, ಹೇಳಿ ಅಕ್ಕ, — ತಲೆಗಳೆಲ್ಲ ಇತ್ತ ತಿರುಗುತ್ತವೆ, ಅವನು ಕಣ್ಣು ಮಿಟುಕಿಸುತ್ತಾನೆ, ನಾನು ಬಾಯಿ ಬಿಡಲಾರೆ ಎಂದು ಅವನಿಗೆ ಗೊತ್ತು, ನಿಜ ಹೇಳಿದರೆ ಇವನು ಇಲ್ಲೇ ಬೆತ್ತಲೆ, ಆದರೆ ನಾಳೆ ಬೆಳಿಗ್ಗೆ ಕ್ಯಾಮೆರಾದವರು ಗೋರಿಯ ಮೇಲೆ, ಇಲಿಂಕಾ ಎಂದು ಹೆಸರು ಸಮೇತ, ಇನ್ನೊಂದು ಸಲ ಅಗೆದ ಹಾಗೆ, ಸುಳ್ಳು ಹೇಳಿದರೆ ಇವನು ಗೆದ್ದ, ನಾನು ಎದ್ದು ನಿಂತಿದ್ದೇನೆ, ಅವನೇ ಮತ್ತೆ ಬಾಯಿ ಹಾಕುತ್ತಾನೆ, ಹೆದರಬೇಡಿ ಅಕ್ಕ, ಆ ಹುಡುಗಿ ನನ್ನವಳು ಅಂತ ನಿಮಗೂ ಗೊತ್ತಲ್ಲ, — ನನ್ನವಳು, ತಾನಾಗಿ ಅಂದ, ಯಾರೂ ಕೇಳದೆ ಅಂದ, ಕೇಳಿದರೆ, ಕೇಳಬೇಕಾದ ಹಾಗೆ ಕೇಳಿದರೆ, ನನ್ನ ಬೆನ್ನು ಬಿಟ್ಟು ಇನ್ನೊಬ್ಬನ ಬೆನ್ನಿಗೆ ಹೋಗಲಾರಳೇ, ಒಂದು ಸಲ ನನ್ನವಳು ಅಂದ ನನಗೇ ಇಷ್ಟಾದರೆ ಮೂರು ಸಲ ಅಂದವನಿಗೆ ಎಷ್ಟು.

ಇವಳು ಯಾರವಳು, ಸೆವೆರ್, ಎಂದೆ, ನನ್ನ ದನಿ ನನಗೇ ಪೆತ್ರಾಕೆಯ ದನಿಯಂತೆ ಕೇಳಿತು, ನನ್ನವಳು ಎಂದ, ನಗುತ್ತ, ಮುಂದಿನ ಸಾಲಿನಲ್ಲಿ ಬಿಳಿ ತಲೆಯೊಂದು ಮೆಲ್ಲಗೆ ಹಿಂತಿರುಗಿತು, ಪೆತ್ರಾಕೆಗೆ ಈಗ ಎಂಬತ್ತನಾಲ್ಕು, ಸಾಫ್ತಾ, ಕೂತ್ಕೊಳೇ ಎಂದ ತಗ್ಗಿದ ದನಿಯಲ್ಲಿ, ಕೂರಲಿಲ್ಲ, ಇವಳು ಯಾರವಳು, ನನ್ನವಳೇ ಅಕ್ಕ, ಕಾಗದದ ಮೇಲೆ ಬರ್ಕೊಡ್ಲಾ, ಸಭೆ ಗೊಳ್ಳೆಂದಿತು, ಹರೆಯದವರು ಮಾತ್ರ, ಮುದುಕಿಯರು ಶಾಲಿನೊಳಗೆ ಶಿಲುಬೆ ಬರೆದುಕೊಳ್ಳುತ್ತಿದ್ದರು, ಬೇಡ ಕಣೇ ಎಂದ ಪೆತ್ರಾಕೆ, ಅವನಿಗೆ ಗೊತ್ತಿಲ್ಲ, ಪಾಪ, — ಪಾಪವಂತೆ, ಇವಳು ಯಾರವಳು, ತಲೆಯಿಂದ ಕಾಲಿನ ತನಕ ನನ್ನವಳು, ಈ ಊರೇ ಸಾಕ್ಷಿ ಎಂದು ಅವನು ಎರಡೂ ಕೈಯೆತ್ತಿದ, ಚಪ್ಪಾಳೆ, ಪೆತ್ರಾಕೆ ಟೋಪಿ ಹಾಕಿಕೊಂಡು ಕೋಲೂರಿ ಹೊರಟುಹೋದ, ದೊಮ್ನಿಕಾ, ಅಲ್ಲಿಗೆ ತೀರ್ಮಾನ ಆಯ್ತಲ್ಲ ಲಾವಿನಿಯಾ ಮೇಡಂ ಎನ್ನುತ್ತಿದ್ದಾಳೆ, ತೀರ್ಮಾನವಾಯಿತು, ಗೆದ್ದುಕೋ, ಒಯ್ಯಿ, ಹಸಿದಿದ್ದಾಳೆ, ಮುದುಕಿಯ ತೆಳು ರಕ್ತ ಕುಡಿದು ಸಾಕಾಗಿದೆ ಅವಳಿಗೆ, ನಿನ್ನ ಮಂಚದ ಪಕ್ಕ ನಡೆಯಲಿ, ನಿನ್ನ ಅನ್ನ ಮೈಗೆ ಹತ್ತದಿರಲಿ, ಬರೆಯಲು ಕೂತರೆ ಒಂದಕ್ಷರ ಮೂಡದಿರಲಿ, ನಿನ್ನ ತಲೆ ಬೆಳ್ಳಗಾಗಲಿ, ಎದೆಯೊಳಗೆ ಬೆಚ್ಚಗೆ ಸಾರಾಯಿ ಇಳಿದ ಹಾಗಿದೆ, ಹನ್ನೆರಡು ವರ್ಷದ ಮೇಲೆ, ನಗು ಬರುತ್ತಿದೆ, ಕೂತುಕೊಂಡೆ, ಎಂದಿನಂತೆ ಪಕ್ಕದ ಕುರ್ಚಿಯ ಮೇಲೆ ಕೈಯಿಟ್ಟೆ, —

ಕುರ್ಚಿ ಬರೀ ಕುರ್ಚಿ, ಬಿಸಿಲಿಗೆ ಕಾದ ಮರ, ಐವತ್ತಮೂರು ವರ್ಷ ಆ ಬದಿಯಲ್ಲಿ ಒಂದು ತಂಪು ಇತ್ತು, ಇಲಿಂಕಾ, ಎಂದೆ ಮನಸ್ಸಿನೊಳಗೆ, ಮಂದ ಕಿವಿ ಮಂದವಾಗಿಯೇ ಇದೆ, ಆಮೇಲೆ ಕೇಳಿಸಿತು, ಇಲ್ಲಲ್ಲ, ದೂರ, ಸಾಲುಗಳ ನಡುವೆ, ನಾನು ಒರೆಸಿದ ನೆಲದ ಮೇಲೆ, ಒಂದು ಮೆತ್ತಗೆ, ಒಂದು ಚಪ್ ಎಂದು, ವೇದಿಕೆಯ ಮೂರು ಮೆಟ್ಟಿಲು, ತಿರುಗಿ ನೋಡುತ್ತಾಳೆ ಎಂದುಕೊಂಡೆ, ನೋಡಲಿಲ್ಲ, ನನಗಿನ್ನು ಶನಿವಾರ ಯಾರಿದ್ದಾರೆ, ಅವಳಿಗೆ ಆ ಎರಡನೆಯದನ್ನು ಒಂದು ದಿನವಾದರೂ ತೊಡಿಸಬೇಕಿತ್ತು, ಪೆಟ್ಟಿಗೆಯಲ್ಲಿ ಮಡಿಸಿಟ್ಟದ್ದು, ಕರೆದ ಹಾಗಾದರೆ ಆಗಲಿ ಎಂದು, ಯಾಕೆ ತೊಡಿಸಲಿಲ್ಲ, ಅವನು ಕೈಕುಲುಕುತ್ತಿದ್ದಾನೆ, ಹೊಳೆಯುವ ಕಂದು ಬೂಟುಗಳು, ಅವುಗಳ ಪಕ್ಕ ಬಂದು ನಿಂತಿದೆ, — ನಿಲ್ಲು, ಇಲಿಂಕಾ, — ಬರಿಗಾಲು, ಉಗುರಿನಲ್ಲಿ ಮಣ್ಣು, — ಬರಿಗಾಲು —