ಸೂಗಮ್ಮನ ಸೊಂಟದ ಅಳತೆ

ಬಸವಕಲ್ಯಾಣದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಗುರುಶಾಂತಪ್ಪನಿಗೆ ದೊಡ್ಡ ಹೊಟ್ಟೆ, ಹಳೆಯ ಸಕ್ಕರೆ ಕಾಯಿಲೆ. ಅದೇ ಕಾಯಿಲೆಯಿಂದ ಅವನ ಅಣ್ಣ ದಿಗಂಬರ ಒಂದು ಕಾಲು ಕಳೆದುಕೊಂಡು, ಆಮೇಲೆ ಎದೆನೋವು ಬಂದು ತೀರಿಕೊಂಡಿದ್ದ. ಅಂದಿನಿಂದ ಗಂಡ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೂ ಸೂಗಮ್ಮನ ಜೀವ ಬಾಯಿಗೆ ಬರುತ್ತಿತ್ತು. ಸಕ್ಕರೆ ಅವಳಿಗೂ ಇತ್ತು. ಆದರೆ ಕಡ್ಡಿಯಂಥ ಕೈಕಾಲಿನ ತನಗೆ ಏನೂ ಆಗದೆಂದು ಅವಳ ನಂಬಿಕೆ. ಗಂಡನಿಗೆ ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡುತ್ತಿದ್ದವಳು ತನ್ನದನ್ನು ಮರೆಯುತ್ತಿದ್ದಳು.

೨೦೦೬ರ ಬೇಸಿಗೆಯಲ್ಲಿ, ಹುಮನಾಬಾದಿನ ಒಂದು ದವಾಖಾನೆಗೆ ರಕ್ತನಾಳ ಪರೀಕ್ಷಿಸುವ ಯಂತ್ರ ಬಂದಿದೆಯೆಂದು ಕೇಳಿ, ಗಂಡನನ್ನು ಒತ್ತಾಯಿಸಿ ಬಸ್ಸು ಹತ್ತಿಸಿದಳು.

ಡಾಕ್ಟರ್ ಸುಗಂಧಾ ಅವನ ಸೊಂಟಕ್ಕೆ ಟೇಪು ಹಿಡಿದರು. ಮಲಗಿಸಿ ಕೈಗೂ ಕಾಲಿಗೂ ಪಟ್ಟಿ ಸುತ್ತಿದರು. ಪಟ್ಟಿಗಳು ಉಬ್ಬಿ ಬಿಗಿಯುವಾಗ ಸೂಗಮ್ಮ ಸೆರಗು ಕಚ್ಚಿಕೊಂಡು ನಿಂತಿದ್ದಳು.

“ರಕ್ತದ ನರ ಒಂದೀಟು ಬಿರುಸಾಗ್ಯಾವ್ರಿ. ಹೊಟ್ಟಿ ಕರಗಿಸ್ರಿ, ಸಾಕು” ಎಂದ ಡಾಕ್ಟರ್, ಅವಳ ಕಡೆ ತಿರುಗಿದರು. “ನಿಮಗೂ ಸಕ್ರಿ ಅದ ಅಂದ್ರಲ್ಲ? ಬರ್ರಿ, ನಿಮ್ಮದೂ ನೋಡೋಣ.”

“ನಂದೇನ್ ನೋಡ್ತೀರಿ? ಮೈಮ್ಯಾಲ ಮಾಂಸನೇ ಇಲ್ಲ” ಎಂದು ನಗುತ್ತಲೇ ಸೊಂಟದ ಅಳತೆ ಕೊಟ್ಟು ಮಲಗಿದಳು.

ಡಾಕ್ಟರ್ ಯಂತ್ರದ ಕಾಗದ ನೋಡಿದರು. ಇನ್ನೊಮ್ಮೆ ಯಂತ್ರ ನಡೆಸಿದರು. ಗುರುಶಾಂತಪ್ಪ ಎದ್ದು ನಿಂತ.

“ಯಾಕ್ರಿ, ಎರಡೆರಡು ಸಲ?”

“ನಿಮಗಿಂತ ಇವರ ನರ ಭಾಳ ಗಡಸಾಗ್ಯಾವ. ರಬ್ಬರಿನಂಗ ಹಿಗ್ಗಬೇಕು, ಹಿಗ್ಗವಲ್ಲವು. ಕೈಕಾಲು ಸಣ್ಣ ಖರೆ, ಕೊಬ್ಬೆಲ್ಲಾ ಹೊಟ್ಟ್ಯಾಗ ಕುಂತದ. ಗುಳಿಗಿ ತಗೋತೀರಿಲ್ಲೊ, ಅಮ್ಮಾ?”

“ಮರೀತೀನ್ರಿ” ಎಂದಳು ಸೂಗಮ್ಮ. ಚಾದರದಡಿ ಒಂದೇ ಕಾಲು ಚಾಚಿ ಮಲಗಿದ್ದ ಭಾವ ದಿಗಂಬರ ಅವಳ ಕಣ್ಣಿಗೆ ಕಟ್ಟಿದ. ಅವಳು ಎದ್ದು ಕುಳಿತಳು.

“ಎದಿಗೆ ಹೊಡೀತದೇನ್ರಿ?”

“ಹೊಡೀಬಹುದು. ದಿನಾ ಗುಳಿಗಿ, ದಿನಾ ನಡಿಗಿ. ಬಿಟ್ರ ನಾ ಏನೂ ಹೇಳಾಕಾಗಲ್ರಿ.”

ಊರಿಗೆ ಮರಳುವ ಬಸ್ಸು ರಾಜೇಶ್ವರ ಎಂಬ ಹಳ್ಳಿ ದಾಟಿತು. ಆಮೇಲೆ ಗುರುಶಾಂತಪ್ಪ, ನಾಲ್ಕು ಜನರ ಎದುರು ಎಂದೂ ಹಿಡಿಯದವನು, ಅವಳ ಕೈ ಹಿಡಿದ.

“ಇಷ್ಟ್ ದಿನಾ ನನ್ನನ್ನ ಕಾಯ್ಕೋತ ಕುಂತಿ” ಎಂದ. “ನಾ ನಿನ್ನ ಕಡೆ ನೋಡ್ಲೇ ಇಲ್ಲ.”

ಮರುದಿನದಿಂದ ಅವಳು ಗುಳಿಗೆ ನುಂಗುವವರೆಗೂ ಅವನು ಅಂಗಡಿ ತೆರೆಯುತ್ತಿರಲಿಲ್ಲ. ಸಂಜೆ ಇಬ್ಬರೂ ಕೋಟೆಯ ಕಡೆ ನಡೆಯತೊಡಗಿದರು. ದೀಪಾವಳಿ ಕಳೆದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದರು. ಸೂಗಮ್ಮನ ನರದ ಗಡಸು ಹೆಚ್ಚಾಗಿಲ್ಲ, ಕಡಿಮೆಯೂ ಆಗಿಲ್ಲ ಎಂದರು ಡಾಕ್ಟರ್.

ಅಂಜಿಕೆಯೂ ಹಾಗೇ ಉಳಿಯಿತು. ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತರೆ ಗುರುಶಾಂತಪ್ಪ ತೂಗುವುದನ್ನು ಬಿಟ್ಟು ಕೂಗುತ್ತಿದ್ದ:

“ಸೂಗಾ?”

“ಇದ್ದೀನ್ರಿ” ಎನ್ನುತ್ತಿದ್ದಳು. ಕೆಲವೊಮ್ಮೆ ಆ ಉತ್ತರ ತಡವಾಗಿ ಬರುತ್ತಿತ್ತು.