ಎದುರಿನವರ ನೋವು

ಅಪ್ಪನನ್ನು ಚಟ್ಟದ ಮೇಲೆ ಕೂರಿಸಿ ಕೊನೆಯ ಗಂಟು ಬಿಗಿದು ಆವಲಪ್ಪ ತಲೆಯೆತ್ತಿದರೆ, ಹೊರಬೇಕಾದವರೆಲ್ಲ ಹೋಗಿ ಜಗಲಿಯ ಮೇಲೆ ಕೂತಿದ್ದರು. ಅಪ್ಪ ಲಕ್ಷ್ಮಯ್ಯನ ಹೆಣ ಮಾತ್ರ ಬಿಸಿಲಲ್ಲಿತ್ತು.

“ಮಸೀದಿ ಮುಂದೆ ತಮಟೆ ನಿಲ್ಲಿಸ್ಬೇಕು,” ಎಂದರು ನೇಕಾರರ ಬೀದಿಯ ಹಿರಿಯ ಕೋದಂಡರಾಮಯ್ಯ. “ನಮಾಜಿನ ಹೊತ್ತು. ಅವ್ರಿಗೆ ನೋಯುತ್ತೆ.”

“ಯಾರಿಗ್ರೀ ನೋಯೋದು?” ಆಚೆ ಬೀದಿಯಲ್ಲಿ ರೇಷ್ಮೆ ಹುರಿ ಮಾಡುವ ಖಾಸಿಂ ಸಾಬರು ಸಿಡುಕಿದರು. “ತಮಟೆ ನಿಂತ್ರೆ ದಿಕ್ಕಿಲ್ಲದ ಹೆಣ ಅಂತಾರೆ. ನೋಯೋದು ನಿಮ್ಗೆ. ಬಾರಿಸ್ಲೇಬೇಕು.”

“ನಮ್ ನೋವು ನೀವ್ ಹೇಳ್ಕೊಡ್ಬೇಡಿ ಸಾಬ್ರೇ.”

“ನಮ್ದು ನೀವ್ ಹೇಳ್ಬಹುದೋ?”

ತಮಟೆಯ ಬೈರಣ್ಣ ಚರ್ಮವನ್ನು ಮತ್ತೆ ಬೆಂಕಿಗೆ ಹಿಡಿದ. “ಬೇಗ ಹೇಳ್ರಪ್ಪಾ. ಇನ್ನೊಂದ್ ಸಲ ಕಾಯಿಸಿದ್ರೆ ಸುಟ್ಟೋಗ್ತದೆ.”

ಆವಲಪ್ಪ ಹಲ್ಲು ಕಚ್ಚಿದ. ಹೊತ್ತು ಮುಳುಗುವುದರೊಳಗೆ ಮಣ್ಣಾಗದಿದ್ದರೆ ಹೆಣ ಮತ್ತೆ ಮನೆಯೊಳಕ್ಕೆ. ಅಮ್ಮ ಬೆಳಗಿನಿಂದ ತೊಟ್ಟು ನೀರು ಮುಟ್ಟಿರಲಿಲ್ಲ.

* * *

ಈ ಚಟ ಹತ್ತಿಸಿದವನು ಅಪ್ಪನೇ. ಮೆರವಣಿಗೆಯೊಂದರ ನೆವದಲ್ಲಿ ಎರಡು ಬೀದಿಗಳ ನಡುವೆ ಕಲ್ಲು ಹಾರಾಡಿದ ವರ್ಷ, ಮಗ್ಗಗಳು ನಿಲ್ಲುವ ಅಮಾವಾಸ್ಯೆಯ ದಿನ, ಎರಡೂ ಕಡೆಯವರನ್ನು ತನ್ನ ಜಗಲಿಯ ಮೇಲೆ ಕೂರಿಸಿದ. ಇದ್ದದ್ದು ಒಂದೇ ಕಟ್ಟಳೆ: ಮೊದಲು ಎದುರಿನವರ ನೋವು ಹೇಳಬೇಕು, ಅವರು ಹೌದೆಂದ ಮೇಲೆ ತನ್ನದು. ಬರಬರುತ್ತ ತಿಂಗಳಿಗೊಂದು ಅಮಾವಾಸ್ಯೆ ಸಾಲದಾಯಿತು. ಅಪ್ಪ ಮಗ್ಗ ಬಿಟ್ಟು ಜಗಲಿ ಸೇರಿದ. ಏಳನೇ ಕ್ಲಾಸಿನಲ್ಲಿದ್ದ ಆವಲಪ್ಪ ಸ್ಕೂಲು ಬಿಟ್ಟು ಮಗ್ಗ ಸೇರಿದ.

ಹೋದ ತಿಂಗಳು ರೇಡಿಯೋದಲ್ಲಿ ಇಸ್ರೇಲಿನ ಯುದ್ಧದ ಸುದ್ದಿ ಕೇಳಿ ಅಪ್ಪ ಅಂದಿದ್ದ: “ಆ ಯೆಹೂದ್ಯರ್ನೂ ಪ್ಯಾಲೆಸ್ಟೈನಿನೋರ್ನೂ ಒಂದ್ ಜಗಲಿ ಮೇಲೆ ಕೂರಿಸ್ಬೇಕು ಕಣೋ.”

“ಕೂರ್ಸಪ್ಪ. ದುಡಿಯಕ್ಕೆ ನಾನಿದೀನಲ್ಲ.”

ಅಪ್ಪ ನಕ್ಕಿದ್ದ. ಅದಕ್ಕೇ ಆವಲಪ್ಪನ ಮೈಯೆಲ್ಲ ಉರಿದಿತ್ತು.

* * *

“ದೊಡ್ಡಪ್ಪಾ, ಸಾಬ್ರೇ, ಏಳಿ,” ಎಂದ ಆವಲಪ್ಪ. “ಮಾತಾಡ್ಬೇಡಿ ಅನ್ನಲ್ಲ. ಹೊತ್ಕೊಂಡ್ ಮಾತಾಡಿ.”

ಇಬ್ಬರೂ ಎದ್ದು ಮುಂದಿನ ಬಿದಿರಿಗೆ ಆಚೀಚೆ ಹೆಗಲು ಕೊಟ್ಟರು. ಹಿಂದೆ ಬೇರೆ ಇಬ್ಬರು.

“ಬಾರಿಸ್ಲಾ?” ಎಂದ ಬೈರಣ್ಣ.

“ನಿನ್ ಕೈಗೆ ತೋಚಿದ್ ಮಾಡು.”

ಆವಲಪ್ಪ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಮಸೀದಿಯ ತಿರುವಿನಲ್ಲಿ ಹಿಂದಿನ ಹೆಜ್ಜೆಸದ್ದು ನಿಂತಿತು. ತಿರುಗಿ ನೋಡಿದ. ಚಟ್ಟದ ಕೆಳಗೆ ಜಗಳ ಮತ್ತೆ ಹತ್ತಿಕೊಂಡಿತ್ತು. ಖಾಸಿಂ ಸಾಬರು ಮಾತಿನ ಭರದಲ್ಲಿ ಬಿದಿರಿನಿಂದ ಕೈಯೆತ್ತಿದರೆ ಅವರ ಕಡೆಯ ಬಿದಿರು ಕುಸಿಯುತ್ತಿತ್ತು. ಕೋದಂಡರಾಮಯ್ಯ ಎತ್ತಿದರೆ ಅವರ ಕಡೆಯದು. ಕೂತಿದ್ದ ಅಪ್ಪ, ಕಣ್ಣು ಮುಚ್ಚಿಕೊಂಡೇ, ಯಾರು ಮಾತಾಡಿದರೆ ಅವರ ಬಾಯ ಹತ್ತಿರಕ್ಕೆ ಕಿವಿಯನ್ನು ಬಾಗಿಸುತ್ತಿದ್ದ.